ವೈನಿನಲ್ಲಿ ಲವಂಗದ ವಾಸನೆ ಎಲ್ಲಿಂದ ಬಂತು? ಮೆರ್ಲೋ ದ್ರಾಕ್ಷಿ ಮತ್ತು ಓಕ್ ಪೀಪಾಯಿಯ ಕಥೆ

ಬೇಸಿಗೆ ಶುರುವಾಗಿತ್ತು. ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ಒಣದ್ರಾಕ್ಷಿ ದರದ ಸುದ್ದಿ ಮಾಡಲು ಹೋಗಿದ್ದೆವು. ನಮ್ಮಲ್ಲೊಬ್ಬನ ಅಣ್ಣ ಫ್ರಾನ್ಸಿನಿಂದ ಬರುವಾಗ ಒಂದು ಬಾಟಲಿ ಕೆಂಪು ವೈನ್ ತಂದಿದ್ದ. ದ್ರಾಕ್ಷಿ ಬೆಳೆಯುವವರಿಗೇ ಮೊದಲು ತೋರಿಸೋಣ ಎಂದು ಅದನ್ನು ಚೀಲದಲ್ಲಿ ಹಾಕಿಕೊಂಡಿದ್ದೆವು.

ಆ ತೋಟದ ಕಾಕಾ ಮೂವತ್ತು ವರ್ಷದಿಂದ ದ್ರಾಕ್ಷಿ ಬೆಳೆಯುತ್ತಿದ್ದಾರೆ. ಬಾಟಲಿ ನೋಡಿದ ತಕ್ಷಣ ಕೈ ಅಡ್ಡ ಹಿಡಿದರು. "ನಾ ಕುಡಿಯಾಂವ ಅಲ್ರಿ." ಕುಡಿಯೋದು ಬೇಡ, ಮೂಸಿ ನೋಡಿ ಸಾಕು ಎಂದೆವು. ಗ್ಲಾಸನ್ನು ಮೂಗಿನ ಹತ್ತಿರ ಹಿಡಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಇದರಾಗ ಲವಂಗ ಹಾಕ್ಯಾರೇನು?"

ಲವಂಗ ಹಾಕಿರಲಿಲ್ಲ. ಆದರೆ ವಾಸನೆ ಇತ್ತು. ಆಮೇಲೆ ಬಾಟಲಿಯ ಮೇಲಿನ ಹೆಸರು ಓದಿ ಹೇಳಿದಾಗ ಇನ್ನೊಂದು ಪ್ರಶ್ನೆ ಬಂತು: "ಬೋರ್ಡೋ? ನಾವು ತ್ವಾಟಕ್ಕ ಹೊಡೀತೀವಲ್ಲ, ಆ ಬೋರ್ಡೋನಾ?" ಮೂರನೆಯ ಪ್ರಶ್ನೆ ಬೆಳೆಗಾರ ಕೇಳಲೇಬೇಕಾದದ್ದು: "ಇದಕ್ಕ ರೇಟ್ ಎಷ್ಟು? ರೇಟ್ ಮಾಡಾವ್ರು ಯಾರು?"

ಮೂರೂ ಪ್ರಶ್ನೆಗೆ ಅವತ್ತು ನಮ್ಮ ಹತ್ತಿರ ಪೂರ್ತಿ ಉತ್ತರ ಇರಲಿಲ್ಲ. ಬಂದ ಮೇಲೆ ಓದಿದೆವು, ತಿಳಿದವರನ್ನು ಕೇಳಿದೆವು. ಅದನ್ನೇ ಇಲ್ಲಿ ಬರೆದಿದ್ದೇವೆ. ಇದು ಕುಡಿಯಿರಿ ಎಂದು ಹೇಳುವ ಬರಹ ಅಲ್ಲ. ಒಂದು ಬೆಳೆ ರುಚಿಯಾಗಿ, ರುಚಿ ಬೆಲೆಯಾದ ಇತಿಹಾಸ.

ಔಷಧದ ಬೋರ್ಡೋ, ವೈನಿನ ಬೋರ್ಡೋ

ಮೊದಲು ಸುಲಭದ ಪ್ರಶ್ನೆ. ಹೌದು, ಎರಡೂ ಒಂದೇ ಬೋರ್ಡೋ.

ಬೋರ್ಡೋ ಫ್ರಾನ್ಸ್ ದೇಶದ ನೈರುತ್ಯ ಭಾಗದಲ್ಲಿರುವ ಊರು. ಗಾರೋನ್ ಎಂಬ ನದಿಯ ದಡದಲ್ಲಿದೆ. ಸ್ವಲ್ಪ ಮುಂದೆ ಅದಕ್ಕೆ ದೊರ್ದೋನ್ ನದಿ ಸೇರಿ, ಎರಡೂ ಒಟ್ಟಿಗೆ ಅಟ್ಲಾಂಟಿಕ್ ಸಮುದ್ರಕ್ಕೆ ಹೋಗುತ್ತವೆ. ಊರಿನ ಸುತ್ತ ಎಲ್ಲಿ ನೋಡಿದರೂ ದ್ರಾಕ್ಷಿ ತೋಟ.

1880ರ ದಶಕದಲ್ಲಿ ಆ ತೋಟಗಳಿಗೆ ಡೌನಿ ರೋಗ ಬಂತು. ಅಮೆರಿಕದಿಂದ ಬಂದ ರೋಗ ಅದು. ಎಲೆ ಸುಟ್ಟಂತಾಗಿ ಉದುರುತ್ತಿತ್ತು. 1882ರಲ್ಲಿ ಬೋರ್ಡೋ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಪಿಯರ್ ಮಿಲಾರ್ದೆ ಒಂದು ವಿಚಿತ್ರ ಗಮನಿಸಿದರು. ರಸ್ತೆ ಪಕ್ಕದ ಸಾಲುಗಳಲ್ಲಿ ಮಾತ್ರ ಎಲೆ ಹಸಿರಾಗಿ ಉಳಿದಿತ್ತು. ವಿಚಾರಿಸಿದಾಗ ಗೊತ್ತಾಯಿತು: ದಾರಿಹೋಕರು ಹಣ್ಣು ಕದಿಯದಿರಲಿ ಎಂದು ಅಲ್ಲಿನ ರೈತರು ಮೈಲುತುತ್ತ ಮತ್ತು ಸುಣ್ಣ ಕಲಸಿ ರಸ್ತೆ ಪಕ್ಕದ ಬಳ್ಳಿಗಳಿಗೆ ಚಿಮುಕಿಸುತ್ತಿದ್ದರು. ಕಳ್ಳರಿಗೆ ಹೆದರಿ ಮಾಡಿದ್ದು ರೋಗಕ್ಕೆ ಔಷಧವಾಗಿತ್ತು. ಪ್ರಯೋಗ ಮಾಡಿ ಮಿಲಾರ್ದೆ 1885ರಲ್ಲಿ ಅದನ್ನು ಪ್ರಕಟಿಸಿದರು. ಅದೇ ಬೋರ್ಡೋ ಮಿಶ್ರಣ.

ಆ ಮಿಶ್ರಣ ಕರ್ನಾಟಕಕ್ಕೂ ಬಂತು. 20ನೇ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಅದನ್ನೇ ಹೇಳಿಕೊಟ್ಟರು. ಇವತ್ತಿಗೂ ಮಳೆಗಾಲ ಬಂದರೆ ಮಲೆನಾಡಿನಲ್ಲಿ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು ಎಂಬ ಲೆಕ್ಕ ಬಾಯಿಪಾಠ.

ಅಂದರೆ ಆ ಬಾಟಲಿ ಬಂದ ಊರಿನ ಹೆಸರನ್ನು ನಮ್ಮ ರೈತರು ನೂರು ವರ್ಷದಿಂದ ಹೇಳುತ್ತಲೇ ಇದ್ದಾರೆ. ಆ ಊರಿನ ರುಚಿ ಮಾತ್ರ ಗೊತ್ತಿರಲಿಲ್ಲ.

ಅಂಗಳದ ಬಳ್ಳಿಯ ಮಗಳು

ಬಾಟಲಿಯಲ್ಲಿದ್ದದ್ದು ಮೆರ್ಲೋ ಎಂಬ ತಳಿಯ ವೈನ್. ನಮ್ಮಲ್ಲಿ ಥಾಮ್ಸನ್, ಸೊನಾಕಾ, ಬೆಂಗಳೂರು ಬ್ಲೂ ಎಂದು ತಳಿಗಳಿರುವಂತೆ ಅದೂ ಒಂದು ತಳಿ. ಕಪ್ಪು ನೀಲಿ ಬಣ್ಣದ ಕಾಯಿ. ಫ್ರಾನ್ಸಿನ ಒಂದು ಕರಿಹಕ್ಕಿಗೆ ಅಲ್ಲಿನವರು ಮೆರ್ಲ್ ಎನ್ನುತ್ತಾರೆ. ಹಣ್ಣಿನ ಬಣ್ಣ ಆ ಹಕ್ಕಿಯ ಹಾಗಿದೆ ಎಂದೋ, ಹಕ್ಕಿಗೆ ಆ ಹಣ್ಣು ಇಷ್ಟ ಎಂದೋ ಈ ಹೆಸರು ಬಂತು ಎನ್ನುತ್ತಾರೆ.

ಮೆರ್ಲೋ ಹೆಸರು ಬರವಣಿಗೆಯಲ್ಲಿ ಸಿಗುವ ಹಳೆಯ ದಾಖಲೆಗಳಲ್ಲಿ ಒಂದು 1784ರದ್ದು. ಬೋರ್ಡೋದ ಒಬ್ಬ ಅಧಿಕಾರಿ ತನ್ನ ಟಿಪ್ಪಣಿಯಲ್ಲಿ, ಲಿಬೂರ್ನ್ ಎಂಬ ಪಟ್ಟಣದ ಸುತ್ತ ಈ ದ್ರಾಕ್ಷಿಯಿಂದ ಮಾಡಿದ ವೈನ್ ಆ ಭಾಗದ ಒಳ್ಳೆಯ ವೈನುಗಳಲ್ಲಿ ಒಂದು ಎಂದು ಬರೆದಿದ್ದಾನೆ. ಲಿಬೂರ್ನ್ ಇರುವುದು ದೊರ್ದೋನ್ ನದಿಯ ಬಲದಂಡೆಯಲ್ಲಿ. ಅದರ ಪಕ್ಕದಲ್ಲೇ ಸೇಂಟ್ ಎಮಿಲಿಯೋನ್ ಮತ್ತು ಪೊಮೆರೋಲ್ ಎಂಬ ಎರಡು ಸಣ್ಣ ಊರು. ಮೆರ್ಲೋದ ತವರು ಎಂದರೆ ಇವೇ.

ಈ ತಳಿಯ ತಂದೆ ತಾಯಿ ಯಾರು ಎಂಬುದು ಬಹಳ ಕಾಲ ಗೊತ್ತಿರಲಿಲ್ಲ. 1990ರ ದಶಕದ ಕೊನೆಗೆ ಡಿಎನ್ಎ ಪರೀಕ್ಷೆ ಮಾಡಿದಾಗ ತಂದೆ ಕ್ಯಾಬರ್ನೆ ಫ್ರಾಂಕ್ ಎಂಬ ಹೆಸರಾಂತ ತಳಿ ಎಂದು ತಿಳಿಯಿತು. ತಾಯಿ ಸಿಕ್ಕಿದ್ದು ಇನ್ನೂ ಸುಮಾರು ಹತ್ತು ವರ್ಷದ ಮೇಲೆ. ಬ್ರಿಟನಿ ಎಂಬ ಪ್ರಾಂತ್ಯದಲ್ಲಿ ಪಾಳು ಬಿದ್ದ ಜಾಗದಲ್ಲಿ ಒಂದು ಹೆಸರಿಲ್ಲದ ಬಳ್ಳಿ ಸಿಕ್ಕಿತ್ತು. ಅದೇ ಬಳ್ಳಿ ಶರಾಂತ್ ಪ್ರಾಂತ್ಯದ ಕೆಲವು ಹಳ್ಳಿಗಳಲ್ಲಿ ಮನೆ ಮುಂದೆ ಹಬ್ಬಿಕೊಂಡಿತ್ತು. ಜುಲೈ 22ರ ಮಗ್ದಲೇನ ಹಬ್ಬದ ಹೊತ್ತಿಗೆ ಹಣ್ಣಾಗುತ್ತದೆ ಎಂದು ಹಳ್ಳಿಯವರು ಅದನ್ನು ಮದ್ಲೇನಾ ಎಂದು ಕರೆಯುತ್ತಿದ್ದರು. ಅದೇ ಮೆರ್ಲೋದ ತಾಯಿ.

ತಾಯಿಯ ಗುಣ ಮಗಳಿಗೆ ಬಂದಿದೆ. ಮೆರ್ಲೋ ಬೇಗ ಚಿಗುರುತ್ತದೆ, ಬೇಗ ಮಾಗುತ್ತದೆ. ಸಿಪ್ಪೆ ತೆಳು. ಒಗರು ಕಡಿಮೆ, ಮೆದು ಹೆಚ್ಚು. ನದಿಯ ಆಚೆ ದಂಡೆಯಲ್ಲಿ ಮೆದೋಕ್ ಎಂಬ ಕಡೆ ನೆಲ ಗರಸು. ಗರಸು ಬೇಗ ಕಾಯುತ್ತದೆ. ಅಲ್ಲಿ ತಡವಾಗಿ ಮಾಗುವ ಕ್ಯಾಬರ್ನೆ ಸೋವಿನ್ಯೋನ್ ತಳಿ ಚೆನ್ನಾಗಿ ಬರುತ್ತದೆ. ಈಚೆ ದಂಡೆಯ ಜಿಗುಟು ಮಣ್ಣು ತಣ್ಣಗಿರುತ್ತದೆ, ತೇವ ಹಿಡಿದಿಡುತ್ತದೆ. ಅಲ್ಲಿಗೆ ಬೇಗ ಮಾಗುವ ಮೆರ್ಲೋ ಹೊಂದಿಕೊಂಡಿತು. ಮಣ್ಣು ನೋಡಿ ತಳಿ ಆರಿಸಿದ್ದು ಅಲ್ಲಿನ ರೈತರ ಬುದ್ಧಿ.

ಬೇಗ ಚಿಗುರುವುದರಿಂದ ಹಾನಿಯೂ ಇದೆ. ಚಳಿಗಾಲ ಮುಗಿಯುವ ಮೊದಲೇ ಚಿಗುರಿದರೆ ಹಿಮ ಬಿದ್ದು ಸುಡುತ್ತದೆ. ತೆಳು ಸಿಪ್ಪೆಗೆ ಮಳೆ ಬಿದ್ದರೆ ಗೊನೆ ಕೊಳೆಯುತ್ತದೆ. ಡೌನಿ ಕಾಟವೂ ಇದೆ. ಮೆರ್ಲೋ ಬೆಳೆಯುವುದು ಎಂದರೆ ಪ್ರತಿ ವರ್ಷ ಆಕಾಶ ನೋಡುತ್ತ ಕೂರುವುದು.

ಪೀಪಾಯಿ ಬಂದದ್ದು ಸಾಗಣೆಗೆ

ಈಗ ಲವಂಗದ ಪ್ರಶ್ನೆಗೆ ಬರೋಣ. ಅದಕ್ಕೆ ಎರಡು ಸಾವಿರ ವರ್ಷ ಹಿಂದೆ ಹೋಗಬೇಕು.

ಗ್ರೀಕರು, ರೋಮನ್ನರು ವೈನನ್ನು ಮಣ್ಣಿನ ಉದ್ದನೆಯ ಜಾಡಿಗಳಲ್ಲಿ ಸಾಗಿಸುತ್ತಿದ್ದರು. ಮಣ್ಣಿನ ಜಾಡಿ ಭಾರ, ಬಿದ್ದರೆ ಒಡೆಯುತ್ತದೆ. ಈಗಿನ ಫ್ರಾನ್ಸ್ ಇರುವ ಜಾಗದಲ್ಲಿ ಆಗ ಇದ್ದ ಗಾಲ್ ಜನರು ಮರದ ಪೀಪಾಯಿ ಮಾಡುತ್ತಿದ್ದರು. ಪೀಪಾಯಿ ಒಡೆಯುವುದಿಲ್ಲ. ಒಬ್ಬನೇ ಆಳು ಅದನ್ನು ಉರುಳಿಸಿಕೊಂಡು ಹೋಗಬಹುದು. ರೋಮನ್ನರು ಅದನ್ನು ಅವರಿಂದ ಕಲಿತರು. ಕೆಲವೇ ಶತಮಾನಗಳಲ್ಲಿ ಪೀಪಾಯಿ ಮಣ್ಣಿನ ಜಾಡಿಯ ಜಾಗ ಹಿಡಿಯಿತು. ರುಚಿಗಾಗಿ ಯಾರೂ ಅದನ್ನು ಆರಿಸಲಿಲ್ಲ. ಸಾಗಿಸಲು ಸುಲಭ ಎಂದು ಆರಿಸಿದರು, ಅಷ್ಟೆ.

1152ರಲ್ಲಿ ಬೋರ್ಡೋ ಇರುವ ಆಕ್ವಿಟೇನ್ ಸೀಮೆಯ ಒಡತಿ ಎಲಿನೋರ್ ಮದುವೆಯಾದ ಹೆನ್ರಿ ಎರಡೇ ವರ್ಷದಲ್ಲಿ ಇಂಗ್ಲೆಂಡಿನ ರಾಜನಾದ. ಅಲ್ಲಿಂದ 1453ರ ತನಕ, ಸುಮಾರು ಮುನ್ನೂರು ವರ್ಷ, ಬೋರ್ಡೋ ಇಂಗ್ಲೆಂಡಿನ ರಾಜರ ಕೈಯಲ್ಲಿತ್ತು. ಹಡಗು ಹಡಗು ವೈನ್ ಇಂಗ್ಲೆಂಡಿಗೆ ಹೋಯಿತು. ಒಂದು ಹಡಗಿನಲ್ಲಿ ಎಷ್ಟು ದೊಡ್ಡ ಪೀಪಾಯಿ ಹಿಡಿಯುತ್ತವೆ ಎಂಬುದೇ ಹಡಗಿನ ಅಳತೆಯಾಯಿತು. ಆ ದೊಡ್ಡ ಪೀಪಾಯಿಗೆ ಇಂಗ್ಲಿಷರು ಟನ್ ಎನ್ನುತ್ತಿದ್ದರು. ಸುಮಾರು 950 ಲೀಟರ್ ಹಿಡಿಯುವ ಪೀಪಾಯಿ ಅದು. ಕಬ್ಬಿಗೆ ಟನ್ನಿಗೆ ಎಷ್ಟು ಕೊಟ್ಟರು ಎಂದು ನಾವು ಈಗ ಕೇಳುತ್ತೇವಲ್ಲ, ಆ ಟನ್ ಎಂಬ ಪದ ಹುಟ್ಟಿದ್ದು ಆ ಪೀಪಾಯಿಯಿಂದ.

ಸಣ್ಣ ಪೀಪಾಯಿಗೆ ಬೋರ್ಡೋದಲ್ಲಿ ಬಾರಿಕ್ ಎನ್ನುತ್ತಾರೆ. ಅದರ ಅಳತೆ 225 ಲೀಟರ್. ಅದರಿಂದ ಈಗಿನ ಲೆಕ್ಕದಲ್ಲಿ 300 ಬಾಟಲಿ ತುಂಬುತ್ತದೆ.

ಪೀಪಾಯಿಗೆ ಬೇಕಾದದ್ದು ಓಕ್ ಮರ. ಗಟ್ಟಿ, ಬಾಗಿಸಿದರೆ ಬಾಗುತ್ತದೆ, ನೀರು ಸೋರುವುದಿಲ್ಲ. ಫ್ರಾನ್ಸಿನ ದೊಡ್ಡ ಓಕ್ ಕಾಡುಗಳು ಉಳಿದದ್ದು ವೈನಿಗಾಗಿ ಅಲ್ಲ. 1669ರಲ್ಲಿ 14ನೇ ಲೂಯಿ ರಾಜನ ಮಂತ್ರಿ ಕೋಲ್ಬೆರ್ ಕಾಡು ಕಡಿಯುವುದಕ್ಕೆ ಬಿಗಿ ಕಾನೂನು ತಂದ. ಮುಂದೆ ಯುದ್ಧದ ಹಡಗು ಕಟ್ಟಲು ಮರ ಬೇಕಾಗುತ್ತದೆ ಎಂಬುದು ಅವನ ಯೋಚನೆ. ಮರ ಬೆಳೆದು ದೊಡ್ಡದಾಗಿ ಕೆಲವು ತಲೆಮಾರು ಕಳೆಯುವಷ್ಟರಲ್ಲಿ ಹಡಗುಗಳು ಕಬ್ಬಿಣಕ್ಕೆ ತಿರುಗಿದವು. ಹಡಗಿಗೆಂದು ಕಾಯ್ದ ತ್ರೋನ್ಸೇಯಂಥ ಕಾಡಿನ ಓಕ್ ಇಂದು ಪೀಪಾಯಿಯಾಗಿ ವೈನಿನ ಮನೆ ಸೇರುತ್ತಿದೆ.

ಲವಂಗದ ಗುಟ್ಟು

ಪೀಪಾಯಿ ಮಾಡುವ ಬಡಗಿ ಫ್ರೆಂಚ್ ಓಕ್ ಮರವನ್ನು ಗರಗಸದಿಂದ ಕೊಯ್ಯುವುದಿಲ್ಲ. ನಾರಿನ ಜಾಡು ಹಿಡಿದು ಸೀಳುತ್ತಾನೆ. ಅಡ್ಡ ಕೊಯ್ದರೆ ಸೋರುತ್ತದೆ. ಹೀಗೆ ಸೀಳುವುದರಿಂದ ದಿಮ್ಮಿಯ ಕಾಲು ಭಾಗದಷ್ಟು ಮಾತ್ರ ಪೀಪಾಯಿಗೆ ಬರುತ್ತದೆ. ಸೀಳಿದ ಹಲಗೆಗಳನ್ನು ಎರಡು ಮೂರು ವರ್ಷ ಬಯಲಲ್ಲಿ ಮಳೆ ಬಿಸಿಲಿಗೆ ಬಿಡುತ್ತಾರೆ. ಮರದ ಕಹಿ, ಅತಿ ಒಗರು ಇಳಿದು ಹೋಗುತ್ತದೆ.

ಆಮೇಲೆ ಹಲಗೆಗಳನ್ನು ಕಬ್ಬಿಣದ ಪಟ್ಟಿಯೊಳಗೆ ಸುತ್ತ ನಿಲ್ಲಿಸಿ, ನಡುವೆ ಬೆಂಕಿ ಹಾಕುತ್ತಾರೆ. ಬಂಡಿಯ ಗಾಲಿಗೆ ಹಳಿ ಏರಿಸುವುದನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಅಲ್ಲಿ ಕಬ್ಬಿಣ ಕಾಯಿಸಿ ಮರಕ್ಕೆ ಕೂರಿಸುತ್ತೇವೆ. ಇಲ್ಲಿ ಮರವನ್ನೇ ಕಾಯಿಸಿ, ನೀರು ಚಿಮುಕಿಸಿ, ಬಾಗಿಸಿ ಪಟ್ಟಿಗೆ ಕೂರಿಸುತ್ತಾರೆ. ಹೀಗೆ ಕಾಯಿಸುವಾಗ ಪೀಪಾಯಿಯ ಒಳಮೈ ರೊಟ್ಟಿಯ ಹಾಗೆ ಕೆಂಪಗೆ ಸುಡುತ್ತದೆ.

ಗುಟ್ಟು ಇಲ್ಲಿದೆ. ಓಕ್ ಮರದಲ್ಲಿ ಯೂಜೆನಾಲ್ ಎಂಬ ಅಂಶವಿದೆ. ಲವಂಗದ ಎಣ್ಣೆಯಲ್ಲಿರುವುದೂ ಅದೇ. ಮರ ಸುಟ್ಟಾಗ ವೆನಿಲಿನ್ ಹೊರಬರುತ್ತದೆ. ಐಸ್‌ಕ್ರೀಮಿನ ವೆನಿಲಾ ವಾಸನೆ ಅದರದ್ದೇ. ಹೊಗೆಯ ವಾಸನೆ, ಹುರಿದ ಕಾಫಿಯ ವಾಸನೆಯೂ ಸುಟ್ಟ ಮರದ್ದು. ಅಮೆರಿಕದ ಓಕ್ ಆದರೆ ಒಣಕೊಬ್ಬರಿಯಂಥ ವಾಸನೆ ಹೆಚ್ಚು ಬರುತ್ತದೆ. ವೈನ್ ಒಂದೋ ಒಂದೂವರೆಯೋ ವರ್ಷ ಆ ಪೀಪಾಯಿಯಲ್ಲಿ ಇದ್ದಾಗ ಇವೆಲ್ಲ ಅದರೊಳಗೆ ಇಳಿಯುತ್ತವೆ.

ಮರ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಅದರ ಮೂಲಕ ಗಾಳಿ ಬಹಳ ನಿಧಾನವಾಗಿ, ಕಣ್ಣಿಗೆ ಕಾಣದಷ್ಟು ಒಳಗೆ ಹೋಗುತ್ತದೆ. ಆ ಗಾಳಿಯಿಂದ ವೈನಿನ ಒಗರು ಮೆತ್ತಗಾಗುತ್ತದೆ. ಹೊರಗೆ ಆವಿಯಾಗಿ ಹೋದಷ್ಟನ್ನು ಆಗಾಗ ತುಂಬಿಸುತ್ತಿರಬೇಕು. ಇಲ್ಲದಿದ್ದರೆ ವೈನ್ ವಿನಿಗರ್ ಆಗುತ್ತದೆ.

ಹೊಸ ಗಡಿಗೆಯ ನೀರಿಗೆ ಮಣ್ಣಿನ ವಾಸನೆ ಜೋರು, ದಿನ ಕಳೆದಂತೆ ಕಡಿಮೆಯಾಗುತ್ತದೆ. ಪೀಪಾಯಿಯೂ ಹಾಗೆಯೇ. ಮೊದಲ ವರ್ಷ ವಾಸನೆ ಜೋರಾಗಿ ಬಿಡುತ್ತದೆ. ಮೂರು ನಾಲ್ಕು ಬಾರಿ ಬಳಸಿದ ಮೇಲೆ ಅದು ಬರೀ ಪಾತ್ರೆ. ಅದಕ್ಕೇ ಹೊಸ ಪೀಪಾಯಿಯ ವೈನಿಗೆ ಬೆಲೆ ಹೆಚ್ಚು.

ಕಾಕಾನ ಮೂಗು ತಪ್ಪಿರಲಿಲ್ಲ. ಲವಂಗ ಹಾಕಿರಲಿಲ್ಲ, ಮರವೇ ಕೊಟ್ಟಿತ್ತು.

ಪಟ್ಟಿಯಲ್ಲಿ ಇಲ್ಲದವರು

ಮೂರನೆಯ ಪ್ರಶ್ನೆ ರೇಟಿನದ್ದು. ಈ ಇತಿಹಾಸದಲ್ಲಿ ನಮ್ಮ ಬೆಳೆಗಾರರಿಗೆ ಹೆಚ್ಚು ಹತ್ತಿರದ ಭಾಗ ಇದು.

1855ರಲ್ಲಿ ಪ್ಯಾರಿಸಿನಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಬೋರ್ಡೋದ ಒಳ್ಳೆಯ ವೈನುಗಳ ಪಟ್ಟಿ ಬೇಕು ಎಂಬ ಬೇಡಿಕೆ ಬಂತು. ಬೋರ್ಡೋ ವರ್ತಕರ ಸಂಘ ಆ ಕೆಲಸವನ್ನು ದಲ್ಲಾಳಿಗಳಿಗೆ ವಹಿಸಿತು. ದಲ್ಲಾಳಿಗಳು ತಮ್ಮ ದರದ ಪುಸ್ತಕ ತೆಗೆದು, ಯಾವುದಕ್ಕೆ ಎಷ್ಟು ಬೆಲೆ ಸಿಗುತ್ತಿತ್ತು ಎಂಬುದನ್ನು ನೋಡಿ ಒಂದರಿಂದ ಐದರವರೆಗೆ ದರ್ಜೆ ಮಾಡಿದರು. ಕೆಂಪು ವೈನಿನ ಪಟ್ಟಿಯಲ್ಲಿ ಒಂದನ್ನು ಬಿಟ್ಟರೆ ಎಲ್ಲವೂ ಮೆದೋಕ್‌ನವು. ಬಲದಂಡೆಯ ಸೇಂಟ್ ಎಮಿಲಿಯೋನ್, ಪೊಮೆರೋಲ್‌ನ ಒಂದೂ ಹೆಸರು ಇರಲಿಲ್ಲ. ಮೆರ್ಲೋ ಬೆಳೆಯುವ ಸಣ್ಣ ರೈತರು ನದಿಯ ಆಚೆ ಉಳಿದರು.

ಆ ಪಟ್ಟಿ ಇವತ್ತಿಗೂ ಹೆಚ್ಚು ಕಡಿಮೆ ಹಾಗೇ ಇದೆ. ದೊಡ್ಡ ಬದಲಾವಣೆ ಎಂದರೆ 1973ರಲ್ಲಿ ಒಂದು ತೋಟಕ್ಕೆ ಎರಡರಿಂದ ಒಂದನೇ ದರ್ಜೆಗೆ ಬಡ್ತಿ ಸಿಕ್ಕಿದ್ದು. ಒಮ್ಮೆ ಬರೆದ ದರ್ಜೆ ನೂರೈವತ್ತು ವರ್ಷ ಬೆಲೆ ಕಟ್ಟುತ್ತಾ ಬಂತು.

ಬಲದಂಡೆಯವರು ಏನು ಮಾಡಿದರು? ಅವರಿಗೆ ಒಂದು ಹಳೆಯ ಅಭ್ಯಾಸವಿತ್ತು. 1199ರಲ್ಲಿ ಇಂಗ್ಲೆಂಡಿನ ರಾಜ ಜಾನ್ ಸೇಂಟ್ ಎಮಿಲಿಯೋನ್ ಊರಿಗೆ ತನ್ನ ಆಡಳಿತ ತಾನೇ ನೋಡಿಕೊಳ್ಳುವ ಹಕ್ಕು ಕೊಟ್ಟಿದ್ದ. ಊರಿನ ಹಿರಿಯರ ಮಂಡಳಿಗೆ ಜುರಾದ್ ಎಂದು ಹೆಸರು. ವೈನ್ ಚೆನ್ನಾಗಿದೆ ಎಂದು ಅವರಿಗೆ ಅನಿಸಿದರೆ ಮಾತ್ರ ಪೀಪಾಯಿಗೆ ಕಾದ ಕಬ್ಬಿಣದ ಮುದ್ರೆ ಒತ್ತುತ್ತಿದ್ದರು. ಅಂದರೆ ತಮ್ಮ ಮಾಲಿನ ರುಚಿ ನೋಡಿ ತಾವೇ ಜವಾಬ್ದಾರಿ ಹೊರುವ ಪದ್ಧತಿ. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಆ ಮಂಡಳಿ ನಿಂತು ಹೋಯಿತು. 1948ರಲ್ಲಿ ಮತ್ತೆ ಶುರು ಮಾಡಿದರು. 1930ರ ದಶಕದಲ್ಲೇ ಸಣ್ಣ ಬೆಳೆಗಾರರು ಸೇರಿ ಸಹಕಾರಿ ಘಟಕ ಕಟ್ಟಿಕೊಂಡಿದ್ದರು. 1955ರಲ್ಲಿ, ಹಳೆಯ ಪಟ್ಟಿಗೆ ಸರಿಯಾಗಿ ನೂರು ವರ್ಷಕ್ಕೆ, ಸೇಂಟ್ ಎಮಿಲಿಯೋನ್ ತನ್ನದೇ ಪಟ್ಟಿ ಮಾಡಿತು. ಅದನ್ನು ಸುಮಾರು ಹತ್ತು ವರ್ಷಕ್ಕೊಮ್ಮೆ ಮತ್ತೆ ರುಚಿ ನೋಡಿ ಬದಲಿಸುತ್ತಾರೆ. ಅದರಲ್ಲೂ ಜಗಳ, ಕೋರ್ಟು ಎಲ್ಲ ಆಗಿದೆ. ಪೊಮೆರೋಲ್ ಮಾತ್ರ ಪಟ್ಟಿಯ ಗೊಡವೆಗೇ ಹೋಗಲಿಲ್ಲ. ಅಲ್ಲಿ ಇಂದಿಗೂ ದರ್ಜೆ ಎಂಬುದಿಲ್ಲ. ಆದರೂ ಅಲ್ಲಿನ ಪೆತ್ರುಸ್ ಎಂಬ, 30 ಎಕರೆಯೂ ಇಲ್ಲದ ಮೆರ್ಲೋ ತೋಟದ ವೈನ್ ಜಗತ್ತಿನ ಅತಿ ದುಬಾರಿ ವೈನುಗಳಲ್ಲಿ ಒಂದು.

1956ರ ಚಳಿ

ಪಟ್ಟಿ ಮಾಡಿದ ಮರುವರ್ಷವೇ ದೊಡ್ಡ ಹೊಡೆತ ಬಿತ್ತು. 1956ರ ಜನವರಿ ಬೆಚ್ಚಗಿತ್ತು. ಬಳ್ಳಿಯಲ್ಲಿ ರಸ ಏರತೊಡಗಿತ್ತು. ಫೆಬ್ರವರಿಯಲ್ಲಿ ಒಮ್ಮೆಲೇ ಚಳಿ ಸೊನ್ನೆಗಿಂತ 15, 20 ಡಿಗ್ರಿ ಕೆಳಗೆ ಹೋಯಿತು. ಬಳ್ಳಿಯ ಕಾಂಡವೇ ಸೀಳಿತು. ಹೆಚ್ಚು ಪೆಟ್ಟು ಬಿದ್ದದ್ದು ಮೆರ್ಲೋ ತುಂಬಿದ ಪೊಮೆರೋಲ್ ಮತ್ತು ಸೇಂಟ್ ಎಮಿಲಿಯೋನ್‌ಗೆ.

ಬಹಳ ಜನ ತೋಟ ಕಿತ್ತು ಹೊಸದಾಗಿ ನೆಟ್ಟರು. ಪೆತ್ರುಸ್ ತೋಟದ ಒಡತಿ ಮದಾಮ್ ಲೂಬಾ ಕೀಳಲು ಒಪ್ಪಲಿಲ್ಲ. ಸತ್ತ ಕಾಂಡವನ್ನು ಬುಡಕ್ಕೆ ಕತ್ತರಿಸಿ, ಬದುಕಿದ್ದ ಹಳೆಯ ಬೇರಿನ ಮೇಲೇ ಮತ್ತೆ ಬಳ್ಳಿ ಎಬ್ಬಿಸಿದರು. ಕೆಲವು ವರ್ಷ ಫಸಲು ಕಡಿಮೆ ಬಂತು, ಹಳೆಯ ಬೇರು ಉಳಿಯಿತು.

1960ರ ದಶಕದಲ್ಲಿ ಮಳೆಗೆ ಸಿಕ್ಕಿ ಮೆರ್ಲೋ ಮತ್ತೆ ಕೊಳೆಯಿತು. 1970ರಿಂದ 1975ರ ತನಕ ಬೋರ್ಡೋದಲ್ಲಿ ಹೊಸದಾಗಿ ಮೆರ್ಲೋ ನೆಡುವುದನ್ನೇ ಸರ್ಕಾರ ನಿಲ್ಲಿಸಿತ್ತು. ಇಷ್ಟೆಲ್ಲ ಆದ ಮೇಲೂ ಇಂದು ಬೋರ್ಡೋದಲ್ಲಿ ಅತಿ ಹೆಚ್ಚು ಇರುವ ತಳಿ ಮೆರ್ಲೋ.

ಮಸಾಲೆ ಹೆಚ್ಚಾದಾಗ

1980, 90ರ ದಶಕದಲ್ಲಿ ಗಾಳಿ ತಿರುಗಿತು. ಅಮೆರಿಕದಲ್ಲಿ ಕೆಂಪು ವೈನ್ ಕುಡಿಯುವವರು ಹೆಚ್ಚಾದರು. ಹುಳಿ ಒಗರು ಕಡಿಮೆ ಇರುವ ಮೆರ್ಲೋ ಅವರ ನಾಲಿಗೆಗೆ ಹಿಡಿಸಿತು. ಅಲ್ಲಿನ ವಿಮರ್ಶಕ ರಾಬರ್ಟ್ ಪಾರ್ಕರ್ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತಿದ್ದರು. ಚೆನ್ನಾಗಿ ಮಾಗಿದ ಹಣ್ಣು, ಹೊಸ ಓಕ್‌ನ ವಾಸನೆ ಇದ್ದ ದಟ್ಟ ವೈನ್ ಅವರಿಗೆ ಮೆಚ್ಚುಗೆ. ಅಂಕ ಹೆಚ್ಚಿದರೆ ಬೆಲೆ ಹೆಚ್ಚು.

ಇದರಿಂದ ಸಣ್ಣವರಿಗೂ ಒಂದು ಬಾಗಿಲು ತೆರೆಯಿತು. 1991ರಲ್ಲಿ ಸೇಂಟ್ ಎಮಿಲಿಯೋನ್‌ನಲ್ಲಿ ಜಾನ್ ಲೂಕ್ ತುನೆವಾನ್ ಎಂಬುವರು ಒಂದು ಸಣ್ಣ ತುಂಡು ತೋಟದಿಂದ ಸ್ವಲ್ಪವೇ ವೈನ್ ಮಾಡಿದರು. ದೊಡ್ಡ ಬಂಗಲೆ ಇಲ್ಲ, ವಂಶದ ಹೆಸರಿಲ್ಲ. ಇಂಥ ವೈನಿಗೆ ಗ್ಯಾರೇಜ್ ವೈನ್ ಎಂದೇ ಹೆಸರು ಬಿತ್ತು. 2012ರಲ್ಲಿ ಅವರ ವಲಾಂದ್ರೋ ವೈನ್ ಆ ಊರಿನ ಮೇಲಿನ ದರ್ಜೆಯ ಪಟ್ಟಿ ಸೇರಿತು.

ಆದರೆ ಅಂಕದ ಹಿಂದೆ ಓಡಿ ಬಹಳ ಕಡೆ ಮರದ ವಾಸನೆ ಅತಿಯಾಯಿತು. ಬೇಳೆ ಸರಿ ಬೇಯದಿದ್ದರೆ ಮಸಾಲೆ ಜಾಸ್ತಿ ಹಾಕಿ ಮುಚ್ಚುವುದಿಲ್ಲವೇ, ಹಾಗೆ. ಹಣ್ಣು ಚೆನ್ನಾಗಿಲ್ಲದ ವೈನಿಗೂ ಓಕ್ ಹಾಕಿ ಮಾರಿದರು. ಅಗ್ಗದ ದಾರಿಯೂ ಬಂತು. ಪೀಪಾಯಿಯ ಬದಲು ಓಕ್ ಮರದ ಚೂರುಗಳನ್ನು ಸ್ಟೀಲ್ ಟ್ಯಾಂಕಿನಲ್ಲಿ ನೆನೆಹಾಕುವುದು. ಯುರೋಪಿನಲ್ಲಿ 2006ರಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ವಾಸನೆ ಬರುತ್ತದೆ. ಪೀಪಾಯಿಯಲ್ಲಿ ಗಾಳಿ ನಿಧಾನವಾಗಿ ಮಾಡುವ ಕೆಲಸ ಬರೀ ಚೂರಿನಿಂದ ಆಗುವುದಿಲ್ಲ.

2004ರಲ್ಲಿ ಸೈಡ್‌ವೇಸ್ ಎಂಬ ಅಮೆರಿಕನ್ ಸಿನಿಮಾ ಬಂತು. ಅದರ ನಾಯಕ ಮೆರ್ಲೋ ಮುಟ್ಟಲ್ಲ ಎಂದು ಕೂಗಾಡುತ್ತಾನೆ. ಮೆರ್ಲೋ ಎಂದರೆ ನಗುವಂತಾಯಿತು. ತಮಾಷೆ ಏನೆಂದರೆ, ಅದೇ ನಾಯಕ ಜೋಪಾನವಾಗಿ ಇಟ್ಟುಕೊಂಡ ಬಾಟಲಿ ಸೇಂಟ್ ಎಮಿಲಿಯೋನ್‌ನದು. ಅದರಲ್ಲಿ ಮೆರ್ಲೋ ಬೆರೆತೇ ಇರುತ್ತದೆ. ಹೆಸರು ನೋಡಿ ಬೈಯುವುದು, ಹೆಸರು ನೋಡಿ ಹೊಗಳುವುದು, ಎರಡೂ ನಾಲಿಗೆಯ ಕೆಲಸ ಅಲ್ಲ.

ರುಚಿ ನೋಡುವುದು ಹೇಗೆ

ರುಚಿ ನೋಡುವುದನ್ನು ವೃತ್ತಿ ಮಾಡಿಕೊಂಡವರು ವೈನ್ ನುಂಗುವುದಿಲ್ಲ. ಬಾಯಲ್ಲಿ ಆಡಿಸಿ ಉಗುಳುತ್ತಾರೆ. ಕುಡಿದರೆ ನಾಲಿಗೆ ಕೆಡುತ್ತದೆ, ತಲೆಯೂ ಕೆಡುತ್ತದೆ. ಅವರು ನೋಡುವ ಕ್ರಮ ಹೀಗಿದೆ.

ಮೊದಲು ಕಣ್ಣು. ಗ್ಲಾಸಿಗೆ ಮೂರನೇ ಒಂದು ಭಾಗ ಹಾಕಿ, ಬಿಳಿ ಕಾಗದದ ಮೇಲೆ ವಾರೆ ಮಾಡಿ ನೋಡುತ್ತಾರೆ. ಹೊಸ ಮೆರ್ಲೋದ ಅಂಚು ನೇರಳೆ ಬಣ್ಣ. ವಯಸ್ಸಾದಂತೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ.

ಆಮೇಲೆ ಮೂಗು. ಗ್ಲಾಸ್ ಆಡಿಸದೆ ಒಮ್ಮೆ, ಸುತ್ತ ತಿರುಗಿಸಿ ಇನ್ನೊಮ್ಮೆ ಮೂಸಬೇಕು. ಮೊದಲು ಹಣ್ಣಿನ ವಾಸನೆ ಹುಡುಕಬೇಕು. ಪುಸ್ತಕದಲ್ಲಿ ಪ್ಲಮ್, ಚೆರ್ರಿ ಎಂದು ಬರೆದಿರುತ್ತಾರೆ. ನಮ್ಮ ಮೂಗಿಗೆ ಸಿಕ್ಕಿದ್ದು ಚೆನ್ನಾಗಿ ಹಣ್ಣಾದ ನೇರಳೆ. ಅದರ ಹಿಂದೆ ಮರದ ವಾಸನೆ: ಲವಂಗ, ವೆನಿಲಾ, ಹೊಗೆ. ಹಣ್ಣು ಮುಂದೆ, ಮರ ಹಿಂದೆ ಇದ್ದರೆ ಒಳ್ಳೆಯ ಕೆಲಸ. ಮರ ಮುಂದೆ ಬಂದು ಹಣ್ಣು ಸಿಗದಿದ್ದರೆ ಮಸಾಲೆ ಹೆಚ್ಚಾಗಿದೆ ಎಂದರ್ಥ. ಒದ್ದೆ ರಟ್ಟಿನ ವಾಸನೆ ಬಂದರೆ ಬಿರಡೆ ಕೆಟ್ಟಿದೆ. ವಿನಿಗರ್ ವಾಸನೆ ಬಂದರೆ ವೈನ್ ಕೆಟ್ಟಿದೆ.

ಕೊನೆಗೆ ನಾಲಿಗೆ. ಒಂದು ಚಮಚದಷ್ಟು ಸಾಕು. ಹುಳಿ ಇದ್ದರೆ ಬಾಯಲ್ಲಿ ನೀರೂರುತ್ತದೆ. ಒಗರು ಗೊತ್ತಾಗುವುದು ಒಸಡಿನಲ್ಲಿ. ನೇರಳೆ ತಿಂದ ಮೇಲೆ ಬಾಯಿ ಎಳೆದ ಹಾಗಾಗುತ್ತದಲ್ಲ, ಅದೇ. ಮೆರ್ಲೋದಲ್ಲಿ ಅದು ಮೆತ್ತಗಿರಬೇಕು. ಉಗುಳಿದ ಮೇಲೆ ರುಚಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಎಣಿಸುತ್ತಾರೆ. ಹೆಚ್ಚು ಹೊತ್ತು ನಿಂತರೆ ಒಳ್ಳೆಯದು.

ವೈನ್ 16ರಿಂದ 18 ಡಿಗ್ರಿಯಲ್ಲಿ ಇರಬೇಕು. ನಮ್ಮ ಬಿಸಿಲಲ್ಲಿ ಹಾಗೇ ಇಟ್ಟರೆ ಬರೀ ಸ್ಪಿರಿಟ್ ವಾಸನೆ ಮೂಗಿಗೆ ಹೊಡೆಯುತ್ತದೆ. ಇನ್ನೊಂದು ಮಾತು: ಬೋರ್ಡೋದ ಹಳೆಯ ಪದ್ಧತಿಯಲ್ಲಿ ವೈನ್ ತಿಳಿಯಾಗಲು ಮೊಟ್ಟೆಯ ಬಿಳಿ ಬಳಸುತ್ತಾರೆ. ಸಸ್ಯಾಹಾರಿಗಳು ಕೇಳಿ ತಿಳಿದುಕೊಳ್ಳಬೇಕು.

ನಮ್ಮ ಕಡೆಯ ನಂಟು

ಮೆರ್ಲೋ ನಾಡಿಗೂ ಕರ್ನಾಟಕಕ್ಕೂ ಬೋರ್ಡೋ ಮಿಶ್ರಣದ ಆಚೆಗೂ ನಂಟಿದೆ. ದೊಡ್ಡಬಳ್ಳಾಪುರದ ಹತ್ತಿರ, ನಂದಿ ಬೆಟ್ಟದ ತಪ್ಪಲಲ್ಲಿ, ಕನ್ವಲ್ ಗ್ರೋವರ್ 1980ರ ದಶಕದಲ್ಲಿ ಫ್ರೆಂಚ್ ತಳಿಗಳನ್ನು ನೆಡಿಸಿದರು. 1990ರ ದಶಕದಲ್ಲಿ ಅಲ್ಲಿಗೆ ಸಲಹೆಗಾರರಾಗಿ ಬಂದವರು ಮಿಶೆಲ್ ರೋಲಾನ್. ಅವರು ಹುಟ್ಟಿದ್ದು ಲಿಬೂರ್ನ್‌ನಲ್ಲಿ, ಮನೆತನದ ತೋಟ ಇದ್ದದ್ದು ಪೊಮೆರೋಲ್‌ನಲ್ಲಿ.

ಇನ್ನೊಂದು ನಂಟು ನೆಲದೊಳಗಿದೆ. 1860ರ ದಶಕದಿಂದ ಫಿಲೋಕ್ಸೆರಾ ಎಂಬ ಹುಳ ಫ್ರಾನ್ಸಿನ ಬಳ್ಳಿಗಳ ಬೇರು ತಿಂದು ಹಾಕಿತು. ಕೊನೆಗೆ ಅಮೆರಿಕದ ಕಾಡು ದ್ರಾಕ್ಷಿಯ ಬೇರಿನ ಮೇಲೆ ತಮ್ಮ ತಳಿಯನ್ನು ಕಸಿ ಕಟ್ಟಿ ಉಳಿಸಿಕೊಂಡರು. ವಿಜಯಪುರ, ಬಾಗಲಕೋಟೆ ಕಡೆ ಉಪ್ಪು ನೀರು, ಬರ ತಡೆಯಲಿ ಎಂದು ನಾವು ಕಸಿ ಕಟ್ಟುವ ಡಾಗ್ರಿಡ್ಜ್ ಬೇರೂ ಅಮೆರಿಕದ್ದೇ.

ವ್ಯತ್ಯಾಸವೂ ಇದೆ. ಅಲ್ಲಿ ಬಳ್ಳಿ ಚಳಿಗಾಲದಲ್ಲಿ ಮಲಗುತ್ತದೆ, ವರ್ಷಕ್ಕೆ ಒಂದೇ ಚಾಟ್ನಿ. ನಮ್ಮಲ್ಲಿ ಬಳ್ಳಿ ಮಲಗುವುದೇ ಇಲ್ಲ. ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಎರಡೂ ಬೇಕು.

ಕರ್ನಾಟಕದಲ್ಲಿ 2007 ನೆನಪಿಡಬೇಕಾದ ವರ್ಷ. ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಅದೇ ವರ್ಷ ರಾಜ್ಯದ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬಂತು, ವೈನ್ ಮಂಡಳಿಯೂ ಆಯಿತು. ಒಂದು ಮನೆ ಹಾಳು ಮಾಡುತ್ತದೆ ಎಂದು ಹೋಯಿತು, ಇನ್ನೊಂದು ಬೆಳೆಗಾರನ ಮನೆ ಉಳಿಸುತ್ತದೆ ಎಂದು ಬಂತು. ವೈನಿನಲ್ಲಿಯೂ ಮದ್ಯಸಾರ ಇದೆ, ಮೆರ್ಲೋದಲ್ಲಿ ಸಾಮಾನ್ಯವಾಗಿ ನೂರಕ್ಕೆ 13, 14ರಷ್ಟು. ಸಾರಾಯಿ ಅಂಗಡಿ ಮುಚ್ಚಿಸಲು ಬೀದಿಗಿಳಿದ ತಾಯಂದಿರ ಮುಂದೆ ವೈನ್ ಬೇರೆ ಎಂದು ಸಲೀಸಾಗಿ ಹೇಳಲು ನಮಗೆ ಬಾಯಿ ಬರುವುದಿಲ್ಲ.

ವೈನ್ ಎಂದರೆ ಚಿನ್ನದ ಗಣಿ ಎಂದೂ ಯಾರೂ ತಿಳಿಯಬಾರದು. 2023ರಲ್ಲಿ ಬೋರ್ಡೋದಲ್ಲೇ ಮಾರಾಟ ಕುಸಿದು, ಸುಮಾರು 9,500 ಹೆಕ್ಟೇರ್ ಬಳ್ಳಿ ಕಿತ್ತು ಹಾಕಲು ಬೆಳೆಗಾರರಿಗೆ ಪರಿಹಾರ ಕೊಡುವ ಯೋಜನೆ ಮಾಡಬೇಕಾಯಿತು. ಹೆಚ್ಚು ಪೆಟ್ಟು ತಿಂದವರು ಹೆಸರಿಲ್ಲದೆ ಸಗಟು ವೈನ್ ಮಾರುತ್ತಿದ್ದವರು.

ಹಾಗಾದರೆ ಈ ಇತಿಹಾಸದಿಂದ ನಮಗೇನು? ವೈನ್ ಮಾಡಿ ಎಂದು ನಾವು ಹೇಳುವುದಿಲ್ಲ. ಪೀಪಾಯಿಯ ರುಚಿ ಸಾಗಣೆಯಿಂದ ಹುಟ್ಟಿತು. ಅದಕ್ಕೆ ಬೆಲೆ ಬಂದದ್ದು ಅದನ್ನು ಗುರುತಿಸಿ, ಹೆಸರಿಟ್ಟು, ಬರೆದಿಟ್ಟವರಿಂದ. 1855ರಲ್ಲಿ ಬರೆದವರು ದಲ್ಲಾಳಿಗಳು, ಹಾಗಾಗಿ ಬೆಲೆಯೂ ಅವರ ಪುಸ್ತಕದ್ದೇ ಆಯಿತು. ಬಲದಂಡೆಯವರು ತಮ್ಮ ರುಚಿಯನ್ನು ತಾವೇ ನೋಡಿ, ತಾವೇ ಬರೆದು, ಒಟ್ಟಿಗೆ ನಿಲ್ಲಲು ನೂರು ವರ್ಷ ಹಿಡಿಯಿತು. ತನ್ನ ಬೆಳೆಯ ರುಚಿ ಬೆಳೆದವನಿಗೇ ಹೇಳಲು ಬರದಿದ್ದರೆ, ಅದನ್ನು ಬೇರೆಯವರು ಹೇಳುತ್ತಾರೆ. ಹೇಳಿದವರದ್ದೇ ರೇಟು.

ಅವತ್ತು ಕಾಕಾ ನಾಲಿಗೆಗೆ ಒಂದು ಹನಿ ಮುಟ್ಟಿಸಿ, ಉಗುಳಿ, ಬಾಯಿ ಮುಕ್ಕಳಿಸಿದರು. ಆಮೇಲೆ ಶೆಡ್ಡಿಗೆ ಹೋಗಿ ಎರಡು ಹಿಡಿ ಒಣದ್ರಾಕ್ಷಿ ತಂದರು. ಒಂದು ಕೆಳಗಿನ ತೋಟದ್ದು, ಒಂದು ಮೇಲಿನ ಗರಸು ಭೂಮಿಯದು. ಬಣ್ಣ ಒಂದೇ. ತಾಸಗಾಂವ, ಸಾಂಗಲಿ ಮಾರುಕಟ್ಟೆಗೆ ಒಯ್ದರೆ ಎರಡೂ ಒಂದೇ ರಾಶಿಗೆ ಬೀಳುತ್ತವೆ. ಒಂದನ್ನು ಮೂಸಿದರು, ಇನ್ನೊಂದನ್ನು ಮೂಸಿದರು.

"ಬ್ಯಾರೇನ ಅದಾವ ನೋಡ್ರಿ," ಎಂದರು. "ಮೂವತ್ತ ವರ್ಷ ಆತು, ಒಮ್ಮೀನೂ ಮೂಸಿ ನೋಡಿರಲಿಲ್ಲ."

ಮನೆಯ ಹುಡುಗಿ ಒಂದು ಹಳೆಯ ಡೈರಿ ತಂದು, ಯಾವ ತೋಟದ್ದು ಹೇಗಿದೆ ಎಂದು ಬರೆದುಕೊಂಡಳು.